ಮೆಥೊಟ್ರೆಕ್ಸೇಟ್ ಈಗಲೇ ಶುರು ಮಾಡಲೋ, ಇನ್ನೊಂದು ಮಗು ಆದಮೇಲೋ? ಸಂಧಿವಾತ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ: ಶಾಂತಳ್ಳಿ ಹೊಲಿಗೆಮನೆ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು, ವಯಸ್ಸು 33. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, ಕುಯ್ಲಿನ ಕಾಲದಲ್ಲಿ ತೋಟಕ್ಕೂ ಇಳಿಯುತ್ತೇನೆ. ಮಗಳು ಒಂದನೇ ಕ್ಲಾಸು.

ಹೋದ ಸಲ ಅರೇಬಿಕಾ ಕುಯ್ಲಿನ ಹೊತ್ತಿಗೆ ಎರಡೂ ಕೈ ಬೆರಳಿನ ಗೆಣ್ಣುಗಳು ಊದಲು ಶುರುವಾಯಿತು. ಹಣ್ಣು ಬಿಡಿಸಿ ಬಿಡಿಸಿ ಹೀಗಾಗಿದೆ ಅಂದುಕೊಂಡೆವು. ಕುಯ್ಲು ಮುಗಿಯಿತು, ಬಾವು ಇಳಿಯಲಿಲ್ಲ. ಆಮೇಲೆ ಮಣಿಕಟ್ಟು, ಆಮೇಲೆ ಪಾದದ ಬೆರಳುಗಳ ಬುಡ. ಬೆಳಿಗ್ಗೆ ಎದ್ದರೆ ಕೈ ಮಡಚಲು ಒಂದು ಗಂಟೆಗೂ ಹೆಚ್ಚು ಬೇಕು. ಮಗಳಿಗೆ ಜಡೆ ಈಗ ಅವಳಪ್ಪನೇ ಹಾಕುತ್ತಾರೆ. ಮಿಷನ್ ತುಳಿಯುವುದು ಹೇಗೋ ಆಗುತ್ತದೆ, ಹುಕ್ಕು ಹಾಕಲು ಸಣ್ಣ ಸೂಜಿ ಹಿಡಿಯುವುದು ಆಗುತ್ತಿಲ್ಲ.

ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ನೋವಿನ ಮಾತ್ರೆ ಜೊತೆ ಒಂದು ಚಿಕ್ಕ ಬಿಳಿ ಮಾತ್ರೆ ಕೊಟ್ಟರು. ಎರಡೇ ದಿನಕ್ಕೆ ಎಲ್ಲ ಮಾಯ! ಬಿಟ್ಟ ತಕ್ಷಣ ಮೊದಲಿಗಿಂತ ಜಾಸ್ತಿ. ಅದು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಎಂದು ಆಮೇಲೆ ಗೊತ್ತಾಯಿತು. ಈಗ ದಿನಕ್ಕೆ 5 ಮಿಲಿಗ್ರಾಂ ತಗೊಳ್ತಿದ್ದೇನೆ.

ಕೊನೆಗೆ ಮೈಸೂರಿನಲ್ಲಿ ರುಮಟಾಲಜಿ, ಅಂದರೆ ಕೀಲುರೋಗದ ಡಾಕ್ಟರಿಗೆ ತೋರಿಸಿದೆವು. ಇಎಸ್‌ಆರ್ (ಮೈಯೊಳಗಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆ) 64, ಈ ಕಾಯಿಲೆಯ ಗುರುತು ಹಿಡಿಯುವ ಪರೀಕ್ಷೆಗಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್, ಆ್ಯಂಟಿ ಸಿಸಿಪಿ 200ಕ್ಕೂ ಮೇಲೆ. ಇದು ರುಮಟಾಯ್ಡ್ ಸಂಧಿವಾತ, ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಅಂದರು. ಎಕ್ಸ್‌ರೇಯಲ್ಲಿ ಮೂಳೆ ಸವೆದಿಲ್ಲ, ಅದೊಂದು ಸಮಾಧಾನ ಅಂದರು. ಇನ್ನೊಂದು ಮಗುವಿನ ಯೋಚನೆ ಇದೆಯಾ ಎಂದು ಅವರೇ ಕೇಳಿದರು. ಇದೆ. ಹಾಗಾದರೆ ಎರಡು ದಾರಿ ಅಂದರು. ಮಗುವನ್ನು ಮುಂದಕ್ಕೆ ಹಾಕುವುದಾದರೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಗರ್ಭ ನಿಲ್ಲದಂತೆ ಕಟ್ಟುನಿಟ್ಟಿನ ಎಚ್ಚರಿಕೆ. ಬೇಗ ಬೇಕು ಅಂದರೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್. ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ ಎಂದು ಕಳಿಸಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧಿ ಎಂದು ನಮ್ಮವರು ಮೊಬೈಲಿನಲ್ಲಿ ನೋಡಿ ಹೆದರಿದ್ದಾರೆ. ಅತ್ತೆಯವರಿಗೆ ಕಣ್ಣೂರಿನ ಕಡೆ ಒಬ್ಬ ವೈದ್ಯರ ಮೇಲೆ ನಂಬಿಕೆ, 41 ದಿನದ ಪಥ್ಯ ಮಾಡು ಅಂತಾರೆ. ಮಗು ಆಗುವವರೆಗೆ ಈ ಚಿಕ್ಕ ಬಿಳಿ ಮಾತ್ರೆಯಲ್ಲೇ ತಳ್ಳೋಣ ಅಂತಲೂ ಒಮ್ಮೊಮ್ಮೆ ನನಗನ್ನಿಸುತ್ತದೆ. ಇದನ್ನು ಅನುಭವಿಸಿದವರು ಯಾರಾದರೂ ಇದ್ದೀರಾ?

ಉತ್ತರ: ವಿರಾಜಪೇಟೆ ಅಕ್ಕ

ತಂಗಿ, ನನಗೆ ಈ ಕಾಯಿಲೆ ಹಿಡಿದಾಗ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಈಗ ನನ್ನ ಎರಡನೆಯವನು ಹೈಸ್ಕೂಲು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಸ್ವಲ್ಪ ಉಸಿರು ಬರಲಿ ನಿನಗೆ.

ನನ್ನ ಬಲಗೈ ಹೆಬ್ಬೆರಳು ಸೊಟ್ಟಗಿದೆ, ಎಡ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ. ಯಾವ ಔಷಧಿಯಿಂದಲೂ ಆದದ್ದಲ್ಲ. ಕಾಯಿಲೆ ಯಾವುದೆಂದು ಯಾರೂ ಹೇಳದೆ, ಬರೀ ನೋವಿನ ಇಂಜೆಕ್ಷನ್ನಿನಲ್ಲಿ ಕಳೆದ ದಿನಗಳಲ್ಲಿ ಆದದ್ದು. ಈ ಕಾಯಿಲೆ ಕೀಲನ್ನು ಕೆಡಿಸುವುದು ಬಹುಪಾಲು ಮೊದಲ ಒಂದೆರಡು ವರ್ಷದಲ್ಲೇ ಶುರುವಾಗುತ್ತದೆ. ಸವೆದ ಮೂಳೆಯನ್ನು ಯಾವ ಮಾತ್ರೆಯೂ ತಿರುಗಿ ಕೂಡಿಸುವುದಿಲ್ಲ. ನಿನ್ನ ಎಕ್ಸ್‌ರೇ ಇನ್ನೂ ಚೆನ್ನಾಗಿದೆ ಅಂದರೆ ನಿನ್ನ ಕೈಯಲ್ಲಿ ಈಗ ಇರುವುದು ಬಂಗಾರದಂಥ ಸಮಯ. ಆ್ಯಂಟಿ ಸಿಸಿಪಿ ಅಷ್ಟು ಜಾಸ್ತಿ ಇದ್ದವರಿಗೆ ಮೂಳೆ ಸವೆಯುವ ಸಾಧ್ಯತೆಯೂ ಜಾಸ್ತಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕ್ಯಾನ್ಸರ್ ಔಷಧಿ ಅನ್ನುವ ಮಾತು. ಕ್ಯಾನ್ಸರಿಗೆ ಕೊಡುವುದೂ ಇದೇ ಹೆಸರಿನದು, ಆದರೆ ಅಲ್ಲಿ ಕೆಲವೊಮ್ಮೆ ಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಏರಿಸುತ್ತಾರೆ. ನಮಗೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಅಮೆರಿಕದಲ್ಲಿ ಸಂಧಿವಾತಕ್ಕೆ ಇದನ್ನು ಒಪ್ಪಿದ್ದು 1988ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಲಕ್ಷಾಂತರ ಜನ ತಿಂದಿದ್ದಾರೆ, ಇವತ್ತಿಗೂ ಈ ಕಾಯಿಲೆಗೆ ಡಾಕ್ಟರುಗಳು ಮೊದಲು ಬರೆಯುವುದು ಇದನ್ನೇ. ನಿಮ್ಮ ಯಜಮಾನರಿಗೆ ಇಷ್ಟನ್ನು ಓದಿಸು. ತಿಂದ ಮಾರನೇ ದಿನ ನನಗೆ ಓಕರಿಕೆ, ಸುಸ್ತು ಇರುತ್ತಿತ್ತು, ಅದು ಸುಳ್ಳಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ತಗೊಂಡು ಮಲಗುತ್ತಿದ್ದೆ, ಭಾನುವಾರ ಮನೆಯವರು ಅಡುಗೆ ನೋಡಿಕೊಳ್ಳುತ್ತಿದ್ದರು.

ಇನ್ನು ಮಗುವಿನ ವಿಚಾರ. ಮೆಥೊಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಮಾಡುತ್ತದೆ, ಗರ್ಭಪಾತವೂ ಆಗಬಹುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ತಿಂದವರಿಗೆ ಮುಂದೆ ಮಕ್ಕಳೇ ಆಗುವುದಿಲ್ಲ ಅನ್ನುವುದು ನಿಜವಲ್ಲ. ನಿಲ್ಲಿಸಿ ಒಂದರಿಂದ ಮೂರು ತಿಂಗಳು ಬಿಡಬೇಕು. ನನಗೆ ಮೂರು ಅಂದಿದ್ದರು. ನಾನು ಮಾಡಿದ್ದು ಹೀಗೆ: ಮೊದಲು ಮೆಥೊಟ್ರೆಕ್ಸೇಟಿನಲ್ಲಿ ಕಾಯಿಲೆ ತಣ್ಣಗಾಗಲು ಬಿಟ್ಟೆ, ಆಮೇಲೆ ಡಾಕ್ಟರ್ ಹೇಳಿದಂತೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಬದಲಾಯಿಸಿಕೊಂಡೆ, ಅದರಲ್ಲೂ ಬಾವು ಏಳಲಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನ ಯೋಚನೆ. ಬಸುರಿಯಾಗಿದ್ದಾಗಲೂ ಅವೆರಡನ್ನೂ ಬಿಡಲಿಲ್ಲ, ಜೊತೆಗೆ ಫೋಲಿಕ್ ಆ್ಯಸಿಡ್. ಆ ತಿಂಗಳುಗಳಲ್ಲಿ ನನ್ನ ಕೈ ಹಗುರವಾಗಿತ್ತು. ಬಹಳ ಹೆಂಗಸರಿಗೆ ಹಾಗಾಗುತ್ತದಂತೆ. ಹೆರಿಗೆಯಾದ ಮೇಲೆ ಮಾತ್ರ ಎಲ್ಲ ಒಟ್ಟಿಗೆ ಎದ್ದು ಬಂತು, ಕೂಸನ್ನು ಎತ್ತಿಕೊಳ್ಳಲೂ ಅಮ್ಮ ಬೇಕಾಯಿತು. ಅದಕ್ಕೆ ಈಗಲೇ ಮನೆಯವರನ್ನು ತಯಾರು ಮಾಡು. ಹಾಲು ಕುಡಿಸುವಾಗಲೂ ಮೆಥೊಟ್ರೆಕ್ಸೇಟ್ ಆಗುವುದಿಲ್ಲ.

ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ: 33 ಅಂದರೆ ಒಂದು ವರ್ಷ ಕೈಗೆ ಕೊಡಲು ಸಮಯವಿದೆ, ಮೊದಲು ಕಾಯಿಲೆಯನ್ನು ಮಲಗಿಸುತ್ತಿದ್ದೆ. ಕಾಯಿಲೆ ಕೆರಳಿರುವಾಗ ಗರ್ಭ ನಿಲ್ಲುವುದೂ ತಡ, ಮಗುವಿನ ತೂಕವೂ ಕಮ್ಮಿಯಾಗಬಹುದು. ಆದರೆ ಈ ವರ್ಷವೇ ಬೇಕು ಅನ್ನುವ ಮನಸ್ಸಿದ್ದರೆ ಎರಡನೇ ದಾರಿಯೂ ಪೂರಾ ಚಿಕಿತ್ಸೆಯೇ, ಕಾಟಾಚಾರದ್ದಲ್ಲ. ಹಿಡಿಯಲೇಬಾರದ ದಾರಿ ಅಂದರೆ ಆ ಬಿಳಿ ಮಾತ್ರೆಯೊಂದರಲ್ಲೇ ತಳ್ಳುವುದು. ಸ್ಟೀರಾಯ್ಡ್ ಇರುವುದು ನಿಜವಾದ ಔಷಧಿ ಕೆಲಸ ಶುರುಮಾಡುವ ತನಕ, ಆರರಿಂದ ಹನ್ನೆರಡು ವಾರ ದಾಟಿಸಲು. ವರ್ಷಗಟ್ಟಲೆ ತಿಂದರೆ ಮೂಳೆ ಟೊಳ್ಳು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ.

ಉತ್ತರ: ಗೋಣಿಕೊಪ್ಪ ಮೆಡಿಕಲ್ಸ್

ನಾನು ಫಾರ್ಮಸಿಸ್ಟ್. ಅಕ್ಕ ಹೇಳಿದ್ದಕ್ಕೆ ಅಂಗಡಿ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ ಮೇಡಂ.

ಮೆಥೊಟ್ರೆಕ್ಸೇಟ್ ಶುರು ಮಾಡಿದರೆ ಅದು ವಾರಕ್ಕೆ ಒಂದೇ ದಿನ. ದಿನಾ ತಿಂದು ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೆ ಬಂದವರಿದ್ದಾರೆ. ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ವಾರದ ಹೆಸರು ಬರೆದಿಡಿ. ಮಾತ್ರೆ 2.5, 7.5, 10, 15 ಮಿಲಿಗ್ರಾಂ ಹೀಗೆ ಬೇರೆ ಬೇರೆ ಬಲದಲ್ಲಿ ಬರುತ್ತದೆ, ಅಂಗಡಿ ಬದಲಾಯಿಸಿದಾಗ ಮಿಲಿಗ್ರಾಂ ಓದದೆ ತರಬೇಡಿ. ಫೋಲಿಕ್ ಆ್ಯಸಿಡನ್ನು ಅದರ ದಿನ ಬಿಟ್ಟು ಬೇರೆ ದಿನ ಕೊಡುವುದು ರೂಢಿ. ಜ್ವರ, ಉರಿಮೂತ್ರ ಅಂತ ಯಾರಾದರೂ ಸೆಪ್ಟ್ರಾನ್ ಅನ್ನುವ ಸಲ್ಫಾ ಆ್ಯಂಟಿಬಯಾಟಿಕ್ ಬರೆದರೆ ಮೆಥೊಟ್ರೆಕ್ಸೇಟ್ ತಿನ್ನುತ್ತಿರುವುದನ್ನು ಹೇಳಲೇಬೇಕು, ಅವೆರಡು ಸೇರಬಾರದು. ನಮ್ಮ ಕಡೆ ಮದುವೆ ಮನೆ, ಹಬ್ಬ ಅಂದರೆ ಮನೆಯಲ್ಲೇ ಮಾಡಿದ ವೈನ್ ಹೆಂಗಸರಿಗೂ ಕೊಡುತ್ತಾರೆ. ಪಿತ್ತಜನಕಾಂಗದ ದೃಷ್ಟಿಯಿಂದ ಅದನ್ನು ಬಿಟ್ಟುಬಿಡಿ.

ಸಲ್ಫಾಸಲಜೀನ್ ಆದರೆ, ಹಿಂದೆ ಯಾವುದಾದರೂ ಸಲ್ಫಾ ಮಾತ್ರೆಗೆ ಮೈ ದದ್ದೆದ್ದಿದ್ದರೆ ಮೊದಲೇ ತಿಳಿಸಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊಡವರ ಕಕ್ಕಡ (ಆಟಿ) ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಕೆಂಪಗೆ ಹೋಗುವುದು ನಮಗೆ ಹೊಸದಲ್ಲ, ಇದೂ ಹಾಗೇ ಬರೀ ಬಣ್ಣ. ರಕ್ತ ಅಂತ ಹೆದರಿ ಮಾತ್ರೆ ನಿಲ್ಲಿಸಿದವರನ್ನು ನೋಡಿದ್ದೇನೆ. ಹೈಡ್ರಾಕ್ಸಿಕ್ಲೋರೋಕ್ವಿನ್ ದೇಹದ ತೂಕದ ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು. ಶುರುವಿನಲ್ಲಿ ಒಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ.

ಈಗ ತಿನ್ನುತ್ತಿರುವ ಪ್ರೆಡ್ನಿಸೊಲೋನ್ ಅನ್ನು ಇದನ್ನೆಲ್ಲ ಓದಿ ಒಮ್ಮೆಲೇ ಬಿಡಬೇಡಿ. ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಖರ್ಚಿನ ಚಿಂತೆ ಇದ್ದರೆ, ಈ ಮೂರೂ ಹಳೆಯ ಔಷಧಿಗಳು, ದುಬಾರಿಯಲ್ಲ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ಉತ್ತರ: ನಾಪೋಕ್ಲು ತೋಟ

ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಅಂತ ನನ್ನ ಕೋರಿಕೆ. ನಮ್ಮ ತಂದೆಗೆ ಆಮವಾತಕ್ಕೆ (ಆಯುರ್ವೇದದಲ್ಲಿ ಇಂಥ ಕೀಲುಬಾವಿಗೆ ಹೇಳುವ ಹೆಸರು) ಪಥ್ಯ, ಕಷಾಯದಿಂದ ನಿಜವಾಗಿಯೂ ಆರಾಮವಾಗಿತ್ತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೆ: ಕೊಯಮತ್ತೂರಿನಲ್ಲಿ 43 ರೋಗಿಗಳಿಗೆ ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ ಸೇರಿಸಿ, ಹೀಗೆ ಮೂರು ಗುಂಪು ಮಾಡಿ ನೋಡಿದ್ದರು. ಮೂರರಲ್ಲೂ ಫಲ ಹೆಚ್ಚುಕಡಿಮೆ ಒಂದೇ.

ಉತ್ತರ: ವಿರಾಜಪೇಟೆ ಅಕ್ಕ

ಅಣ್ಣ, ಆ ಅಧ್ಯಯನದ ವಿಷಯ ನನ್ನ ಡಾಕ್ಟರ ಹತ್ತಿರ ನಾನೂ ಕೇಳಿದ್ದೆ. ಅದು ಮುಂದೆ ದೊಡ್ಡದಾಗಿ ಮಾಡಬಹುದೇ ಎಂದು ನೋಡಲು ನಡೆಸಿದ ಪುಟ್ಟ ಪ್ರಯೋಗ. 43 ಜನರನ್ನು ಮೂರು ಪಾಲು ಮಾಡಿದರೆ ಒಂದು ಗುಂಪಿಗೆ ಹದಿನೈದು ಜನವೂ ಬರುವುದಿಲ್ಲ. ಅಷ್ಟರ ಮೇಲೆ ಈ ಹುಡುಗಿಯ ಬೆರಳುಗಳನ್ನು ಪಣಕ್ಕಿಡಲು ನನಗೆ ಧೈರ್ಯವಿಲ್ಲ. ಅಲ್ಲಿ ಕೊಟ್ಟಿದ್ದು ನುರಿತ ವೈದ್ಯರು ನೋಡಿ ಕೊಟ್ಟ ಔಷಧಿ. ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟೀರಾಯ್ಡ್ ಪುಡಿ ಬೆರೆಸಿ ಕೊಡುವವರೂ ಇದ್ದಾರೆ, ಭಸ್ಮಗಳಲ್ಲಿ ಸೀಸ, ಪಾದರಸ ಇರುವುದುಂಟು. ಮಗು ಬೇಕೆನ್ನುವವಳ ಹೊಟ್ಟೆಗೆ ಅದು ಹೋಗಬಾರದು. ತಂಗಿ, ಅತ್ತೆಯವರ ಮನಸ್ಸಿಗೆ ಬೇಕಾದರೆ ಪಥ್ಯದ ಊಟ ಮಾಡು. ಬಾವು ಇಳಿದ ಮೇಲೆ ಎಣ್ಣೆ ಹಚ್ಚಿಸಿಕೋ, ಕೆಂಪಗೆ ಊದಿರುವಾಗ ಉಜ್ಜಬೇಡ. ಒಳಗೆ ತಗೊಳ್ಳುವುದೆಲ್ಲ ಮೈಸೂರಿನ ಡಾಕ್ಟರಿಗೆ ಗೊತ್ತಿರಲಿ.

ಉತ್ತರ: ಭಾಗಮಂಡಲ ಮಗ

ಮಾತ್ರೆಯಲ್ಲಿ ಹಿಡಿತಕ್ಕೆ ಬರದಿದ್ದರೆ ಮುಂದೇನು ಅನ್ನುವ ಭಯ ನಿಮಗೂ ಇರಬಹುದು. ನಮ್ಮ ತಾಯಿಗೆ ಬರಲಿಲ್ಲ. ನೇರ ದುಬಾರಿ ಇಂಜೆಕ್ಷನ್ನಿಗೆ ಹೋಗಬೇಕಿಲ್ಲ, ಮೆಥೊಟ್ರೆಕ್ಸೇಟ್, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಈ ಮೂರು ಹಳೆಯ ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡುವ ಪದ್ಧತಿ ಇದೆ. 2013ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಅದು ಎಟನರ್ಸೆಪ್ಟ್ ಇಂಜೆಕ್ಷನ್ ಜೊತೆ ಮೆಥೊಟ್ರೆಕ್ಸೇಟ್ ಕೊಟ್ಟಷ್ಟೇ ಕೆಲಸ ಮಾಡಿತ್ತು. ಅಮ್ಮನಿಗೆ ಅದೂ ಸಾಲದೆ ಅಡಾಲಿಮುಮಾಬ್ ಅನ್ನುವ ಇಂಜೆಕ್ಷನ್ ಶುರು ಮಾಡಿದರು. ಅದಕ್ಕೆ ಮುಂಚೆ ಕ್ಷಯ ಮತ್ತು ಹೆಪಟೈಟಿಸ್ ಪರೀಕ್ಷೆ ಕಡ್ಡಾಯ, ಒಳಗೆ ಅಡಗಿರುವ ಕ್ಷಯ ಈ ಇಂಜೆಕ್ಷನ್ನಿನಿಂದ ಎದ್ದು ಬರಬಹುದು. ನಮ್ಮ ದೇಶದಲ್ಲೇ ತಯಾರಾಗುವ ಅಡಾಲಿಮುಮಾಬ್ 2014ರಿಂದ ಸಿಗುತ್ತಿದೆ, ಆದರೂ ನಮ್ಮಂಥವರಿಗೆ ಭಾರವೇ.

ನಮಗೆ ದೊಡ್ಡ ಪಜೀತಿ ಆದದ್ದು ಕರೆಂಟು. ಅದು 2ರಿಂದ 8 ಡಿಗ್ರಿಯಲ್ಲಿರಬೇಕು, ಜುಲೈ ಮಳೆಗೆ ಮರ ಬಿದ್ದರೆ ಇಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಈಗ ಮಳೆಗಾಲದಲ್ಲಿ ಮಡಿಕೇರಿಯ ಚಿಕ್ಕಮ್ಮನ ಮನೆ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಒಂದನ್ನೇ ತರುತ್ತೇವೆ.

ಉತ್ತರ: ಶಾಂತಳ್ಳಿ ಹೊಲಿಗೆಮನೆ

ಎಲ್ಲರ ಉತ್ತರವನ್ನೂ ನಮ್ಮವರಿಗೆ, ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಕ್ಕನ ಹೆಬ್ಬೆರಳಿನ ಮಾತು ಕೇಳಿ ಅತ್ತೆ ಸುಮ್ಮನೆ ನನ್ನ ಕೈ ಹಿಡಿದುಕೊಂಡು ನೋಡಿದರು. ಕಣ್ಣೂರಿನ ಮಾತು ಸದ್ಯಕ್ಕೆ ನಿಂತಿದೆ.

ಅಕ್ಕ ಹೇಳಿದ ಹಾಗೆ ಒಂದು ವರ್ಷ ಕಾಯುವುದು ಬುದ್ಧಿಗೆ ಸರಿ ಅನ್ನಿಸುತ್ತದೆ. ಆದರೆ ಮಗಳಿಗೂ ಮುಂದಿನದಕ್ಕೂ ಆಗಲೇ ಆರು ವರ್ಷ ಮೀರುತ್ತಿದೆ, ನಾವಿಬ್ಬರೂ ಕೂತು ಮಾತಾಡಿ ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ದಾರಿಯನ್ನೇ ಹಿಡಿಯುತ್ತಿದ್ದೇವೆ. ಬಾವು ಇಳಿಯುವ ತನಕ ಗರ್ಭದ ಯೋಚನೆ ಇಲ್ಲ. ಇಳಿಯದಿದ್ದರೆ ಮೆಥೊಟ್ರೆಕ್ಸೇಟ್, ಅದಕ್ಕೂ ನಮ್ಮವರು ಒಪ್ಪಿದ್ದಾರೆ. ಎಷ್ಟು ದಿನ ನೋಡಬೇಕು? ಹೊಟ್ಟೆ ತೊಳಸುತ್ತದೆ ಅಂತಾರಲ್ಲ, ಅದಕ್ಕೇನು ಮಾಡಿದಿರಿ?

ಉತ್ತರ: ವಿರಾಜಪೇಟೆ ಅಕ್ಕ

ಒಳ್ಳೆಯದಾಯಿತು ತಂಗಿ. ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೀರಿ, ಅದೇ ಬೇಕಿತ್ತು.

ಮೂರು ತಿಂಗಳಿಗೆ ಬಾವು ಚೆನ್ನಾಗಿ ಕಮ್ಮಿಯಾಗಿರಬೇಕು, ಆರು ತಿಂಗಳಿಗೆ ಕಾಯಿಲೆ ಪೂರ್ತಿ ಹತೋಟಿಗೆ ಬರಬೇಕು. ಇಲ್ಲವಾದರೆ ಔಷಧಿ ಬದಲಾಯಿಸಿ ಎಂದು ನೀನೇ ಬಾಯಿಬಿಟ್ಟು ಕೇಳು. ಸಲ್ಫಾಸಲಜೀನ್ 500 ಮಿಲಿಗ್ರಾಂನ ಒಂದು ಮಾತ್ರೆಯಿಂದ ಶುರುಮಾಡಿ ವಾರವಾರಕ್ಕೆ ಏರಿಸಿ ದಿನಕ್ಕೆ 2 ಗ್ರಾಂವರೆಗೆ ಒಯ್ಯುತ್ತಾರೆ, ಹಾಗೆ ನಿಧಾನಕ್ಕೆ ಏರಿಸಿದರೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಊಟದ ಜೊತೆಗೇ ತಗೋ, ಮಾತ್ರೆ ಮುರಿಯಬೇಡ, ಜಗಿಯಬೇಡ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಇರುತ್ತದೆ. ಅದಕ್ಕಾಗಿ ಮೈಸೂರಿಗೆ ಓಡಬೇಡ. ಸೋಮವಾರಪೇಟೆಯಲ್ಲೋ ಕುಶಾಲನಗರದಲ್ಲೋ ಮಾಡಿಸಿ ರಿಪೋರ್ಟನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಬಹುದಾ ಎಂದು ಡಾಕ್ಟರನ್ನು ಕೇಳು, ನನ್ನ ಡಾಕ್ಟರು ಒಪ್ಪಿದ್ದರು. ಗಂಟಲು ನೋವಿನ ಜೊತೆ ಜ್ವರ, ಬಾಯಿ ಹುಣ್ಣು, ಮೈಮೇಲೆ ದದ್ದು, ಇದರಲ್ಲಿ ಯಾವುದು ಬಂದರೂ ಮಾತ್ರೆ ನಿಲ್ಲಿಸಿ ಅವತ್ತೇ ಫೋನ್ ಮಾಡು. ಮಳೆಗಾಲದ ಮಾಮೂಲಿ ಜ್ವರ ಅಂತ ಕಾಯಬೇಡ.