ದೋಣಿ ಒಳಗೆ ನೀರು ಒಸರ್ತಿದ್ರೆ ಇಲ್ಲಿ ಕೇಳಿ, ಮೇಸ್ತ್ರಿ ಉತ್ತರ ಕೊಡ್ತಾರೆ

ಅಡ್ಮಿನ್: ಫೈಬರ್, ಮರ ಎರಡೂ ದೋಣಿ ರಿಪೇರಿ ಮಾಡೋ ಕೋಡಿಬಾಗದ ಮೇಸ್ತ್ರಿಯವ್ರು ಇವತ್ತು ಸಂಜೆ ಗ್ರೂಪಲ್ಲಿ ಇರ್ತಾರೆ. ಸಣ್ಣ ದೋಣಿಗೆ ನಿಧಾನಕ್ಕೆ ನೀರು ಬರೋ ವಿಷ್ಯ ಮಾತ್ರ ಕೇಳಿ. ಫಾರ್ವರ್ಡ್ ಹಾಕ್ಬೇಡಿ.

ಬೇಲೆಕೇರಿ: ನಮಸ್ಕಾರ ಮೇಸ್ತ್ರೇ. ಫೈಬರ್ ದೋಣಿ, ರಾತ್ರಿ ಕಟ್ಟಿ ಬಂದ್ರೆ ಬೆಳಿಗ್ಗೆ ಎರಡು ಬಕೆಟ್ ನೀರು ಇರ್ತದೆ. ಹೊರಗಿಂದ ಒಂದು ಗೆರೆನೂ ಕಾಣೋದಿಲ್ಲ. ಎಲ್ಲಿಂದ ಹುಡುಕೋದು?

ಮೇಸ್ತ್ರಿ: ನಮಸ್ಕಾರ. ಮೊದ್ಲು ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಸಪ್ಪೆ ಇದ್ರೆ ಮಳೆ ನೀರು, ಉಪ್ಪಿದ್ರೆ ತೂತಿದೆ. ಹೊಳೆಯಲ್ಲಿ ಕಟ್ಟಿದ್ರೆ ಮಳೆಗಾಲದಲ್ಲಿ ಈ ಲೆಕ್ಕ ನಡೆಯೋದಿಲ್ಲ, ಆಗ ಟಾರ್ಪಾಲ್ ಮುಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ತೂತು ಹುಡುಕೋದು ನೀರಲ್ಲಿ ಅಲ್ಲ, ದಡದಲ್ಲಿ. ದಿಮ್ಮಿ ಮೇಲೆ ಕೂರಿಸಿ, ಹೊರಗಡೆ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ, ಆಮೇಲೆ ಒಳಗೆ ಪಾದ ಮುಳುಗೋಷ್ಟು ನೀರು ಹಾಕಿ. ಪುಡಿ ಎಲ್ಲಿ ಮೊದ್ಲು ಒದ್ದೆ ಆಗ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ತುಂಬಾ ನೀರು ತುಂಬಿಸ್ಬೇಡಿ, 1000 ಲೀಟರ್ ಅಂದ್ರೆ ಒಂದು ಟನ್, ದಡದಲ್ಲಿ ತಳಕ್ಕೆ ಆಸರೆ ಇಲ್ದೆ ಇರೋ ಫೈಬರೂ ಒಡೀತದೆ. ತಳದಿಂದ ನೀರು ಬಿಡೋ ಬಿರಡೆ ಸುತ್ತ, ಬೋಲ್ಟ್ ಬುಡ, ಮರಳಲ್ಲಿ ಎಳೆದೆಳೆದು ಸವೆದ ಕೀಲ್ (ತಳದ ನಡು ಉದ್ದಕ್ಕಿರೋ ಏಣು), ಈ ಮೂರು ಕಡೆ ಮೊದ್ಲು ನೋಡಿ. ಒಳಗೆ ನೀರು ಕಂಡ ಜಾಗ, ಹೊರಗಿನ ತೂತು ಒಂದೇ ಕಡೆ ಇರ್ಬೇಕಂತಿಲ್ಲ, ಪದರದ ನಡುವೆ ನೀರು ಹರಿದುಕೊಂಡು ಬರ್ತದೆ.

ಗಂಗಾವಳಿ: ನಂದೂ ಫೈಬರ್, ನೀರು ಬರ್ತದೆ, ಎಲ್ಲಿಂದ ಹುಡುಕೋದು?

ಮೇಸ್ತ್ರಿ: ಮೇಲೆ ಬರ್ದಿದೀನಿ.

ಹಾರವಾಡ: ಹಲಗೆ ದೋಣಿ ಮೇಸ್ತ್ರೇ, ಬೇಸಿಗೆ ಪೂರ್ತಿ ಚಪ್ಪರದಡಿ ಇತ್ತು. ಈಗ ಇಳಿಸಿದ್ರೆ ಎಲ್ಲಾ ಸಂದಿಂದ ನೀರು. ಹತ್ತಿ ತುಂಬಿಸ್ಲಾ?

ಮೇಸ್ತ್ರಿ: ಈಗ್ಲೇ ಬೇಡ. ಮರ ಒಣಗಿ ಸಂದಿ ಬಿಟ್ಟಿದೆ. ಆಳ ಇಲ್ದಿರೋ ಕಡೆ ಕಟ್ಟಿ, ಒಂದೆರಡು ದಿನ ನೀರು ಎತ್ತಿ ಚೆಲ್ತಾ ಇರಿ, ಹಲಗೆ ಉಬ್ಬಿ ತಾನೇ ಮುಚ್ಕೊಳ್ತದೆ. ಒಣ ಸಂದಿಗೆ ಹತ್ತಿ ಬಡಿದು ಬಿಗಿ ಮಾಡಿದ್ರೆ ಹಲಗೆ ಉಬ್ಬುವಾಗ ಮೊಳೆಯನ್ನೇ ಕಿತ್ಕೊಳ್ತದೆ. ಆಮೇಲೂ ಬಂದ್ರೆ ಆ ಸಂದಿಗೆ ಮಾತ್ರ ಹಾಕಿ. ಹಲಗೆಯಲ್ಲಿ ಸಣ್ಣ ಸಣ್ಣ ತೂತು ಕಂಡ್ರೆ ಅದು ಹುಳದ್ದು, ಆಗ ತಂದು ತೋರಿಸಿ.

ಶಿರಸಿ ಪೇಟೆ: ಒಂದು ವಿಡಿಯೋ ಬಂದಿತ್ತು, ಪೆಟ್ರೋಲಲ್ಲಿ ಥರ್ಮಾಕೋಲ್ ಕರಗಿಸಿ ಹಚ್ಚಿದ್ರೆ ನೂರು ವರ್ಷ ಲೀಕ್ ಆಗಲ್ಲ, ಖರ್ಚೂ ಇಲ್ಲ. ಎಲ್ರಿಗೂ ಶೇರ್ ಮಾಡಿ.

ಮೇಸ್ತ್ರಿ: ದಯವಿಟ್ಟು ಯಾರೂ ಮಾಡ್ಬೇಡಿ. ಆ ಅಂಟಲ್ಲಿ ಪೆಟ್ರೋಲ್ ದಿನಗಟ್ಲೆ ಉಳೀತದೆ, ಪಕ್ಕದಲ್ಲಿ ಒಬ್ರು ಬೀಡಿ ಹಚ್ಚಿದ್ರೆ ಸಾಕು. ಒಣಗಿದ ಮೇಲೆ ಪುಡಿಪುಡಿ ಆಗಿ, ದೋಣಿ ಒಂದು ಅಲೆಗೆ ಬಾಗಿದ್ರೆ ಎದ್ದು ಬರ್ತದೆ. ಇದನ್ನ ಕಳಿಸಿದವ್ರು ದೋಣಿ ಹತ್ತೋರಲ್ಲ, ಹತ್ತೋರು ನಾವು.

ಕಾಸರಕೋಡ: ಎಂ-ಸೀಲ್ ಹಾಕಿದ್ರೆ ಆಯ್ತಪ್ಪ, ಇಷ್ಟೆಲ್ಲ ಯಾಕೆ? ನಮ್ದು ನಡೀತಿದೆ.

ಮೇಸ್ತ್ರಿ: ದಡ ಸೇರೋ ತನಕ ಆಗ್ತದೆ. ಆದ್ರೆ ಅದು ಎಪಾಕ್ಸಿ ಅಂಟು, ಅದರ ಮೇಲೆ ನಾವು ಫೈಬರ್ ರಿಪೇರಿಗೆ ಹಾಕೋ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಕೂರೋದಿಲ್ಲ. ನಾವು ಆಮೇಲೆ ಪೂರ್ತಿ ಉಜ್ಜಿ ತೆಗೀಬೇಕು.

ಮಾಜಾಳಿ: ಮೇಸ್ತ್ರಿ ಅಣ್ಣಾ, ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ (ಹಿಂದ್ಗಡೆ ಹೊರಗೆ ಕೂರಿಸೋ ಎಂಜಿನ್). ಕಟ್ಟಿಟ್ರೆ ನೀರಿಲ್ಲ, ಎಂಜಿನ್ ಜೋರು ಬಿಟ್ರೆ ಮಾತ್ರ ಹಿಂದ್ಗಡೆ ಬರ್ತದೆ. ಮೇಲೆ ಎಳೆದಿಟ್ಟಾಗ ಬೋಲ್ಟ್ ಬುಡದಿಂದ ಕಂದು ನೀರು ತೊಟ್ಟಿಕ್ತದೆ. ಅಲೆ ಕಮ್ಮಿ ಆಗಿದೆ, ನಾಳೆ ಬೆಳಗಿನ ಜಾವ ಭಾವ ನಾನು ದೇವಗಡ ಲೈಟ್‌ಹೌಸ್ ಬದಿ ಶೆಟ್ಲಿ (ಸಿಗಡಿ) ಬಲೆಗೆ ಹೋಗೋರು. ಸಿಲಿಕೋನ್ ಹಚ್ಲಾ?

ಮೇಸ್ತ್ರಿ: ತಮಾ, ನಾಳೆ ಇಳಿಸ್ಬೇಡ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದು. ಎಂಜಿನ್ ಕೂರೋ ಹಿಂದಿನ ಹಲಗೆ ಪೂರ್ತಿ ಫೈಬರ್ ಅಲ್ಲ, ಎರಡು ಪದರದ ನಡುವೆ ಪ್ಲೈವುಡ್ ಇರ್ತದೆ. ಬೋಲ್ಟ್ ತೂತಿಗೆ ಸರಿಯಾಗಿ ಸೀಲ್ ಹಾಕದಿದ್ರೆ ನೀರು ಪ್ಲೈ ಒಳಗೆ ಇಳಿದು ಕೊಳೀತದೆ, ಹೊರಗೆ ಪೇಂಟ್ ಹೊಸತರ ಹಾಗೆ ಹೊಳೀತಾ ಇರ್ತದೆ. ನೀನು ಹೇಳಿದ ಕಂದು ನೀರು ಕೊಳೆತ ಮರದ ರಸ. ಎಂಜಿನ್ ಬುಡ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಒತ್ತು, ಹಿಂದಿನ ಹಲಗೆ ಅದರ ಜೊತೆ ಆಡ್ತದಾ ನೋಡು. ಆಮೇಲೆ ಚಮಚದ ಹಿಡಿಯಿಂದ ತಟ್ಟುತ್ತಾ ಬಾ, ಒಳ್ಳೆ ಜಾಗ ಟಕ್ ಅಂತದೆ, ಕೊಳೆತದ್ದು ಡಬ್ ಅಂತದೆ. ಕೆಳಗಿನ ಬೋಲ್ಟ್ ಬಿಚ್ಚಿ ತೂತಿಗೆ ಸ್ಕ್ರೂಡ್ರೈವರ್ ಹಾಕಿದ್ರೆ ನೆನೆದ ಅವಲಕ್ಕಿ ಹಾಗೆ ಬಂದ್ರೆ ಮತ್ತೆ ಯೋಚನೆ ಮಾಡೋದೇ ಬೇಡ. ಎಂಜಿನ್ ತಳ್ಳೋ ಜೋರೆಲ್ಲ ಆ ಹಲಗೆ ಮೇಲೆ ಬೀಳ್ತದೆ, ಜುಲೈ ಅಲೆಗೆ ಕಿತ್ತು ಹೋದ್ರೆ ಎಂಜಿನ್ ಜೊತೆ ಹಿಂಬದಿನೇ ತೆರೆದು ಹೋಗ್ತದೆ, ನೀರೆತ್ತೋಕೆ ಪುರುಸೊತ್ತು ಸಿಗೋದಿಲ್ಲ. ಸಿಲಿಕೋನ್ ಹಚ್ಚಿದ್ರೆ ಕಂದು ನೀರು ಕಾಣೋದು ನಿಲ್ತದೆ, ಕೊಳೆಯೋದು ನಿಲ್ಲೋದಿಲ್ಲ. ಒಳ ಪದರ ಕೊಯ್ದು, ಕೊಳೆತದ್ದೆಲ್ಲ ತೆಗೆದು, ಪೂರ್ತಿ ಒಣಗಿಸಿ, ಐಎಸ್ 710 ಛಾಪೆ ಇರೋ ಮರೈನ್ ಪ್ಲೈ ಕೂರಿಸಿ ಫೈಬರ್ ಮ್ಯಾಟ್ ಹೊದಿಸ್ಬೇಕು. ಬೋಲ್ಟ್ ತೂತು ದೊಡ್ಡದು ಕೊರೆದು ರೆಸಿನ್ ತುಂಬಿ, ಗಟ್ಟಿ ಆದ್ಮೇಲೆ ಮತ್ತೆ ಕೊರೀಬೇಕು, ಆಗ ಬೋಲ್ಟ್ ಮರಕ್ಕೆ ತಾಗೋದಿಲ್ಲ. ನೀವೇ ಮಾಡೋದಾದ್ರೆ ರೆಸಿನ್ ಗಟ್ಟಿ ಮಾಡೋ ಹಾರ್ಡನರ್, ಅದನ್ನ ಬೇಗ ಮಾಡಿಸೋ ಕೋಬಾಲ್ಟ್ ಎರಡನ್ನೂ ನೇರ ಕಲಸ್ಬೇಡಿ, ಸಿಡೀತದೆ. ಮೊದ್ಲು ರೆಸಿನ್‌ಗೆ ಕೋಬಾಲ್ಟ್, ಚೆನ್ನಾಗಿ ತಿರುವಿದ ಮೇಲೆ ಹಾರ್ಡನರ್. ಕಣ್ಣಿಗೆ ಕನ್ನಡಕ ಇರ್ಲೇಬೇಕು, ಹಾರ್ಡನರ್ ಒಂದು ಹನಿ ಸಿಡಿದ್ರೂ ಕಣ್ಣು ಹೋಗ್ಬಹುದು.

ತದಡಿ: ಜೂನ್ 1ರಿಂದ ಜುಲೈ 31 ಮೀನುಗಾರಿಕೆ ಬಂದ್ ಅಲ್ವಾ? ಇವ್ರು ಹೇಗೆ ಹೋಗ್ತಾರೆ?

ಮಾಜಾಳಿ: 10 ಎಚ್‌ಪಿ ಒಳಗಿನ ನಾಡದೋಣಿಗೆ ಬಂದ್ ಇಲ್ಲ.

ತದಡಿ: ಎಂಜಿನ್ ಮೇಲೆ 9.9 ಅಂತ ಸ್ಟಿಕ್ಕರ್ ಅಂಟಿಸಿದ್ರೆ ಆಯ್ತಾ? ಎಲ್ರದ್ದೂ ಗೊತ್ತಿದೆ.

ಮಾಜಾಳಿ: ನನ್ನ ಎಂಜಿನ್ ಬಂದು ನೋಡಿ ಮಾತಾಡಿ.

ಕಾಸರಕೋಡ: ಟ್ರಾಲರ್‌ನವ್ರು ವರ್ಷ ಪೂರ್ತಿ ಗುಡಿಸ್ಕೊಂಡು ಹೋಗ್ತಾರೆ, ಸಣ್ಣವ್ರ ಶೆಟ್ಲಿ ಮೇಲೆ ಮಾತ್ರ ಎಲ್ರ ಕಣ್ಣು.

ತದಡಿ: ನೀವು ಎಂ-ಸೀಲ್ ಹಚ್ಕೊಂಡು ಕೂತಿರಿ.

ಅಡ್ಮಿನ್: ಇಬ್ರೂ ನಿಲ್ಲಿಸಿ. ಇನ್ನೊಂದು ಮಾತು ಬಂದ್ರೆ ತೆಗೀತೀನಿ.

ಭಟ್ಕಳ: ಒಳಗಿನ ಎಂಜಿನ್ ದೋಣಿ, ಶಾಫ್ಟ್ ಹತ್ರ ಹನಿ ಹನಿ ಬೀಳ್ತದೆ. ಗ್ಲಾಂಡ್ (ಶಾಫ್ಟ್ ಸುತ್ತ ನೀರು ತಡೆಯೋ ಭಾಗ) ಪೂರ್ತಿ ಟೈಟ್ ಮಾಡ್ಲಾ?

ಮೇಸ್ತ್ರಿ: ಬೇಡ. ಹಗ್ಗದ ಪ್ಯಾಕಿಂಗ್ ಆದ್ರೆ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳ್ಲೇಬೇಕು, ಇಲ್ದಿದ್ರೆ ಬಿಸಿಯಾಗಿ ಶಾಫ್ಟ್ ಸವೀತದೆ. ಧಾರೆ ಆದ್ರೆ ಮಾತ್ರ ಬಿಗಿ ಮಾಡಿ.

ಬೇಲೆಕೇರಿ: ಮೇಸ್ತ್ರೇ, ಪುಡಿ ಹಾಕಿ ನೋಡ್ದೆ, ಕೀಲ್ ಉದ್ದಕ್ಕೂ ಒದ್ದೆ ಆಯ್ತು. ರಿಪೇರಿಗೆ ಎಷ್ಟಾಗ್ಬಹುದು?

ಗಂಗಾವಳಿ: ನಂಗೂ ರೇಟ್ ಹೇಳಿ. ಆಮೇಲೆ ಎಲ್ಲಿಂದ ಹುಡುಕೋದು ಅಂತ ಹೇಳ್ಲೇ ಇಲ್ಲ.

ಮೇಸ್ತ್ರಿ: ಓದೋಕೆ ಬರ್ತದಲ್ವಾ? ಎರಡನೇ ಸಲ ಬರೆಯೋದಿಲ್ಲ.

ಶಿರಸಿ ಪೇಟೆ: ಥರ್ಮಾಕೋಲ್ ವಿಡಿಯೋಗೆ ಲಕ್ಷಾಂತರ ಲೈಕ್ ಇದೆ, ಅವ್ರೆಲ್ಲ ದಡ್ಡರಾ?

ಮೇಸ್ತ್ರಿ: ಅಡ್ಮಿನ್, ಅದನ್ನ ಡಿಲೀಟ್ ಮಾಡಿ. ಯಾರಾದ್ರೂ ನಂಬಿ ಹಚ್ಚಿದ್ರೆ ಸಾಯೋದು ಅವ್ರ ಮನೆಯವ್ರು.

ಮಾಜಾಳಿ: ಅಣ್ಣಾ, ಹಲಗೆ ಆಡ್ತಿದೆ. ಭಾವ ಒಪ್ತಿಲ್ಲ, ಒಂದು ಸಲ ಹೋಗಿ ಬಂದು ಮಾಡಿಸೋಣ ಅಂತಾನೆ.

ಮೇಸ್ತ್ರಿ: ಎಂಜಿನ್ ಈಗ್ಲೇ ಕಳಚಿ ಮನೆ ಒಳಗೆ ಇಡು. ಭಾವನ ನಂಬರ್ ನಂಗೆ ಪ್ರೈವೇಟಾಗಿ ಕಳ್ಸು, ನಾನೇ ಫೋನ್ ಮಾಡ್ತೀನಿ. ಉಳಿದವ್ರಿಗೆ ಇವತ್ತು ಉತ್ತರ ಇಲ್ಲ.

ಬೇಲೆಕೇರಿ: ಕೀಲ್ ರೇಟ್ ಮಾತ್ರ ಹೇಳಿ ಹೋಗಿ ಮೇಸ್ತ್ರೇ?