ಪದಚರ್ಚೆ: ‘ಮೂರನೇ ತಲೆಮಾರಿನ ಮಿಲ್ ಕೆಲಸಗಾರ’ – ಮೂರು ಅಂತ ಎಲ್ಲಿಂದ ಎಣಿಸೋದು?

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯ್ತು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೆನಡಾದಲ್ಲಿರುವ ಒಬ್ಬ ಪಂಜಾಬಿ ಗೆಳತಿ ತನ್ನ ಮನೆತನದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವಳ ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪದ ಸಾಮಿಲ್ಲುಗಳಲ್ಲಿ, ಅಂದರೆ ಮರ ಕೊಯ್ಯುವ ಮಿಲ್ಲುಗಳಲ್ಲಿ, ದುಡಿದವರು. ಅಪ್ಪನ ಬಗ್ಗೆ ಅವಳು ಬರೆದ ಮೊದಲ ಮಾತು: ವಲಸಿಗ ಕುಟುಂಬದ ಮೂರನೇ ತಲೆಮಾರಿನ ಮಿಲ್ ಕೆಲಸಗಾರ. ಸುಲಭ ಅನ್ನಿಸುತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡು ಪುಟ ದಾಟಿದ ಮೇಲೆ ಅದೇ ಅಪ್ಪನನ್ನು ಒಂದು ಕಡೆ ‘ಎರಡನೇ ತಲೆಮಾರು’ ಅನ್ನುತ್ತಾಳೆ, ಇನ್ನೊಂದು ಕಡೆ ‘ಮೊದಲ ತಲೆಮಾರು’. ಕೈತಪ್ಪಿನಿಂದ ಆಗಿದೆಯೇನೋ ಅಂತ ಕೇಳಿದೆ. ಇಲ್ಲ, ಮೂರೂ ಸರಿ ಅಂದಳು.

ಹೇಗೆ ಅಂದರೆ, ಮಿಲ್ಲಿನ ಲೆಕ್ಕದಲ್ಲಿ ಮುತ್ತಜ್ಜ ಒಂದು, ಅಜ್ಜ ಎರಡು, ಅಪ್ಪ ಮೂರು. ಕೆನಡಾ ಸರ್ಕಾರದ ಅಂಕಿಅಂಶದವರ ಲೆಕ್ಕ ಬೇರೆ. ಹೊರದೇಶದಲ್ಲಿ ಹುಟ್ಟಿ ಬಂದವರೆಲ್ಲ ಮೊದಲ ತಲೆಮಾರು, ಅಲ್ಲಿ ಹುಟ್ಟಿದ ಅವರ ಮಕ್ಕಳು ಎರಡನೆಯದು. ಮುತ್ತಜ್ಜ, ಅಜ್ಜ ಇಬ್ಬರೂ ಪಂಜಾಬಿನಲ್ಲೇ ಹುಟ್ಟಿ ಹಡಗು ಹತ್ತಿದವರು. ಅಂದರೆ ಇಬ್ಬರೂ ‘ಮೊದಲ ತಲೆಮಾರು’, ಅಪ್ಪ ಎರಡು! ಮನೆಯಲ್ಲಿ ಹೆಂಗಸರ ಲೆಕ್ಕ ಮೂರನೆಯದು: ಈ ಮಣ್ಣಿನಲ್ಲಿ ಮೊದಲು ಹುಟ್ಟಿದವನು ಅವನೇ, ಹಾಗಾಗಿ ಅವನೇ ಮೊದಲನೆಯವನು.

ನಮ್ಮ ‘ತಲೆಮಾರು’ ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಸರಿಯಾಗಿ ಕೂರುತ್ತದೆ ಅಂತ ನನ್ನ ಅನಿಸಿಕೆ. ಕನ್ನಡ ಕಿವಿಗೆ ತಲೆಮಾರು ಅಂದರೆ ಅಪ್ಪನಿಂದ ಮಗನಿಗೆ ಒಂದು ಮೆಟ್ಟಿಲು. ಅಪ್ಪ ಮಗ ಇಬ್ಬರೂ ಒಂದೇ ತಲೆಮಾರು ಅಂತ ಬರೆದರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ‘ಪೀಳಿಗೆ’ ಹಾಕಿ ನೋಡಿದೆ. ಅದು ಸ್ವಲ್ಪ ಸಡಿಲವಾದ ಪದ. ಹೊಸ ಪೀಳಿಗೆ, ಮುಂದಿನ ಪೀಳಿಗೆ ಅನ್ನುವಾಗ ನಾವು ಮನೆಯ ಮೆಟ್ಟಿಲು ಎಣಿಸುತ್ತಿರುವುದಿಲ್ಲ, ಒಂದು ಕಾಲದ ಜನವನ್ನೆಲ್ಲ ಸೇರಿಸಿ ಹೇಳುತ್ತಿರುತ್ತೇವೆ. ಹಾಗಾಗಿ ‘ಬಂದ ಪೀಳಿಗೆ’, ‘ಅಲ್ಲೇ ಹುಟ್ಟಿದ ಪೀಳಿಗೆ’ ಅಂತ ಎರಡು ಮಾಡಿಕೊಂಡೆ, ಅಂಕಿ ತೆಗೆದುಬಿಟ್ಟೆ. ಮೆಟ್ಟಿಲು ಎಣಿಸುವ ಕಡೆ ಮಾತ್ರ ‘ತಲೆಮಾರು’ ಇಟ್ಟೆ. ಇದು ನಿಮಗೆ ಒಪ್ಪಿಗೆಯಾ?

ಇಲ್ಲಿ ಒಂದು ಉಪಪ್ರಶ್ನೆ. ತಮಿಳಿನ ‘ತಲೈಮುಱೈ’ಯಲ್ಲಿ ‘ಮುಱೈ’ ಅಂದರೆ ಸರದಿ. ನಮ್ಮ ‘ಮಾರು’ ಅದೇ ಮಾತಿನ ಇನ್ನೊಂದು ರೂಪವಾ, ಇಲ್ಲ ‘ಮಾರ್ಪಡು’ವಿನ ಕಡೆಯದಾ? ಬಲ್ಲವರು ಹೇಳಿ.

ಎಣಿಕೆಯ ವಿಷಯದಲ್ಲಿ ಜಪಾನಿಯರು ಜಾಣರು. ಅದೇ ಸಾಮಿಲ್ಲುಗಳಲ್ಲಿ ಅವರೂ ಇದ್ದರು. ವಲಸೆ ಬಂದವನು ಇಸ್ಸೇ, ಅಲ್ಲಿ ಹುಟ್ಟಿದ ಅವನ ಮಗ ನಿಸೇ, ಮೊಮ್ಮಗ ಸನ್ಸೇ, ಮರಿಮಗ ಯೋನ್ಸೇ. ಒಂದು, ಎರಡು, ಮೂರು, ನಾಲ್ಕು, ಅಷ್ಟೇ. ಅಲ್ಲಿ ಹುಟ್ಟಿ, ಓದಲು ಜಪಾನಿಗೆ ಹೋಗಿ ವಾಪಸ್ ಬಂದವನಿಗೂ ಬೇರೆ ಹೆಸರು, ಕಿಬೇ. ಎಣಿಕೆ ಎಲ್ಲಿಂದ ಶುರು ಅನ್ನುವ ಜಗಳವೇ ಇಲ್ಲ. ಆದರೆ ಆ ಎಣಿಕೆ ಅವರನ್ನು ಉಳಿಸಲಿಲ್ಲ. 1942ರಲ್ಲಿ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಕೆನಡಾ ಸರ್ಕಾರ ಕರಾವಳಿಯ ಸುಮಾರು 22,000 ಜಪಾನಿ ಮೂಲದವರನ್ನು ಎತ್ತಂಗಡಿ ಮಾಡಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಹುಟ್ಟಿದವರು. ವಾಪಸ್ ಬರಲು ಬಿಟ್ಟಿದ್ದು 1949ರ ಏಪ್ರಿಲ್‌ನಲ್ಲಿ. ಗೆಳತಿಯ ಅಜ್ಜನ ಪಕ್ಕದ ಬಿಡಾರವೂ ಹಾಗೇ ಒಂದು ದಿನ ಖಾಲಿಯಾಯಿತಂತೆ.

ಬಿಡಾರ ಅಂದೆನಲ್ಲ, ಮಿಲ್ಲಿನ ಗಂಡಸರು ಒಟ್ಟಿಗೆ ಮಲಗುತ್ತಿದ್ದ ಉದ್ದನೆಯ ಮನೆಗೆ ಆ ಪದ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ, ಬೇಕಾಗಿಯೂ ಇಲ್ಲ.

ಗೆಳತಿಯ ಮನೆತನದ ಕಾಗದಪತ್ರಗಳಲ್ಲಿ ಬರುವ ಊರಿನ ಬಗ್ಗೆಯೂ ಎರಡು ಮಾತು. ಡಂಕನ್ ಪೇಟೆಯ ಹತ್ತಿರ, ಕೌವಿಚನ್ ಕಣಿವೆಯಲ್ಲಿ ಪಾಲ್ದಿ ಅಂತ ಒಂದು ಮಿಲ್ ಊರು ಇತ್ತು. 1906ರಲ್ಲಿ ಕೆನಡಾಕ್ಕೆ ಬಂದ ಮೇಯೋ ಸಿಂಗ್ ಜೊತೆಗಾರರ ಸಂಗಡ ಸೇರಿ ಅಲ್ಲಿ ಸಾಮಿಲ್ ಹಾಕಿದರು. 1919ರ ಹೊತ್ತಿಗೆ ಗುರುದ್ವಾರ ಎದ್ದಿತ್ತು. ಊರಿಗೆ ಮೊದಲು ಅವರದೇ ಹೆಸರು, ಮೇಯೋ. ಆದರೆ ದೂರದ ಯೂಕಾನ್‌ನಲ್ಲಿ ಇನ್ನೊಂದು ಮೇಯೋ ಇತ್ತು, ಟಪಾಲು ಅದಲುಬದಲಾಗುತ್ತಿತ್ತು. ಅದಕ್ಕೆ 1936ರಲ್ಲಿ ಹೆಸರು ಬದಲಿಸಿ ಹೋಷಿಯಾರ್‌ಪುರ ಜಿಲ್ಲೆಯ ತಮ್ಮ ಹುಟ್ಟೂರಿನ ಹೆಸರನ್ನೇ ಇಟ್ಟರು. ಕಾಗದಪತ್ರ ಹುಡುಕುವವರಿಗೆ ಇದು ದೊಡ್ಡ ತಲೆನೋವು. ‘ಪಾಲ್ದಿಯಲ್ಲಿ ಜನನ’ ಅಂತ ಇದ್ದರೆ ಯಾವ ಪಾಲ್ದಿ? ನನ್ನ ಗೆಳತಿ ಅರ್ಧ ವರ್ಷ ತಪ್ಪು ಪಾಲ್ದಿಯಲ್ಲಿ ಹುಡುಕಿದಳಂತೆ.

ಈಗ ಎರಡನೇ ಪದ, ‘ವಲಸಿಗ’.

ಕನ್ನಡದಲ್ಲಿ ವಲಸೆ ಹೋಗುವುದೂ ವಲಸೆಯೇ, ಬರುವುದೂ ವಲಸೆಯೇ. ಕ್ರಿಯಾಪದ ಎಲ್ಲ ಹೇಳಿಬಿಡುತ್ತದೆ, ಅದು ಒಳ್ಳೆಯದೇ. ತೊಂದರೆ ‘ವಲಸಿಗ ಕುಟುಂಬ’ದಲ್ಲಿ. ಎಲ್ಲಿಂದಲೂ ಎಲ್ಲಿಗೂ ಹೋಗದೆ ಅಲ್ಲೇ ಹುಟ್ಟಿದ ಮಗು ವಲಸಿಗ ಹೇಗಾಗುತ್ತದೆ? ಸುಮ್ನೆ ‘ವಲಸೆ ಬಂದ ಮನೆತನ’ ಅನ್ನೋಣ ಅಂತ ಹೊರಟಿದ್ದೆ. ಆಮೇಲೆ ಅನ್ನಿಸಿತು, ಆ ಕಾಲದ ಕಾನೂನು ಅವರನ್ನು ವಲಸಿಗರು ಅಂತಲೇ ನೋಡುತ್ತಿತ್ತಲ್ಲ. ಆ ದ್ವೀಪ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1907ರಲ್ಲಿ ಭಾರತೀಯರ ಮತದಾನದ ಹಕ್ಕು ಕಿತ್ತುಕೊಂಡರು, ವಾಪಸ್ ಸಿಕ್ಕಿದ್ದು 1947ರಲ್ಲಿ. ನಡುವೆ ಅಲ್ಲೇ ಹುಟ್ಟಿದವರಿಗೂ ಇರಲಿಲ್ಲ. ಹಾಗಾಗಿ 1947ರ ಹಿಂದಿನ ಪ್ರಸಂಗಗಳಲ್ಲಿ ‘ವಲಸಿಗ’ ಉಳಿಸಿಕೊಂಡಿದ್ದೇನೆ. ಚುಚ್ಚಲಿ ಅಂತಲೇ.

ಇನ್ನೊಂದು ಯೋಚನೆ ಬಂತು, ನಗಬೇಡಿ. ಮುತ್ತಜ್ಜ 1907ರಲ್ಲಿ ಬಂದಾಗ ನೆಲೆಸಲು ಬಂದಿರಲಿಲ್ಲ. ನಾಲ್ಕು ಕಾಸು ದುಡಿದು, ಅಡವಿಟ್ಟ ಜಮೀನು ಬಿಡಿಸಿಕೊಂಡು ವಾಪಸ್ ಹೋಗುವುದು ಅಂತ. ಇದು ನಮ್ಮ ಬಡಗಣ ಸೀಮೆಯವರು ಹೇಳುವ ‘ಗುಳೆ’ ಅಲ್ವಾ? ಆಮೇಲೆ 1908ರಲ್ಲಿ ಹೊಸ ನಿಯಮ: ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರ ಬಂದವರಿಗೆ ಮಾತ್ರ ಪ್ರವೇಶ, ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕು. ಭಾರತದಿಂದ ಆಗ ನೇರ ಹಡಗೇ ಇರಲಿಲ್ಲ, ಅಂದರೆ ಬಾಗಿಲು ಮುಚ್ಚಿದ ಹಾಗೆ. 1914ರಲ್ಲಿ ಕೊಮಗಾಟಾ ಮಾರು ಹಡಗಿನಲ್ಲಿ ಬಂದ 376 ಜನರಲ್ಲಿ ಹೆಚ್ಚಿನವರನ್ನು ಇಳಿಯಲೂ ಬಿಡದೆ ಹಿಂದೆ ಕಳಿಸಿದ್ದು ಇದೇ ನಿಯಮ ತೋರಿಸಿ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅವಕಾಶ ಸಿಕ್ಕಿದ್ದು 1919ರಲ್ಲಿ. ಅಲ್ಲಿವರೆಗೆ ಗುಳೆ, ಅಲ್ಲಿಂದಾಚೆ ವಲಸೆ. ನನಗಂತೂ ಈ ಎರಡು ಪದ ಆ ಇತಿಹಾಸಕ್ಕೆ ಅಳತೆ ತೆಗೆದು ಹೊಲಿದ ಹಾಗೆ ಕಾಣುತ್ತವೆ. ಗುಳೆಗೆ ಬರಗಾಲದ ವಾಸನೆ ಇದೆ, ಸುಗ್ಗಿ ಮುಗಿದ ಮೇಲೆ ಹೋಗಿ ಮಳೆ ಬಂದಾಗ ತಿರುಗಿ ಬರುವ ಪದ, ಸಮುದ್ರ ದಾಟಿದವರಿಗೆ ಹೊಂದಲ್ಲ ಅಂತ ಮನೆಯಲ್ಲೇ ಒಬ್ಬರು ಆಕ್ಷೇಪ ಎತ್ತಿದ್ದಾರೆ. ಬಳ್ಳಾರಿ, ರಾಯಚೂರು ಕಡೆಯವರು ಇಲ್ಲಿದ್ದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ತಿಳಿಸಿ.

ಇನ್ನು ನನಗೆ ಬಹಳ ಇಷ್ಟವಾದ ಗಂಟು. ಅಜ್ಜ 1926ರಲ್ಲಿ ಬಂದಿಳಿದಾಗ ಕಾಗದದಲ್ಲಿ ವಯಸ್ಸು 16, ಸಂಬಂಧ ‘ಮಗ’. 18ರ ಒಳಗಿನ ಮಕ್ಕಳಿಗೆ ಮಾತ್ರ ಅವಕಾಶ ಇತ್ತು. ಗೆಳತಿ ಕೂಡಿ ಕಳೆದು ನೋಡಿದಳು. 1926ರಲ್ಲಿ 16 ಅಂದರೆ ಹುಟ್ಟಿದ್ದು 1910ರಲ್ಲಿ. ಮುತ್ತಜ್ಜ ಊರು ಬಿಟ್ಟಿದ್ದು 1907ರಲ್ಲಿ, ನಡುವೆ ಒಮ್ಮೆಯೂ ತಿರುಗಿ ಹೋಗಿಲ್ಲ. ಲೆಕ್ಕ ಕೂಡಲಿಲ್ಲ! ಕೊನೆಗೆ ಒಬ್ಬ ವಯಸ್ಸಾದ ಅತ್ತೆ ಬಾಯಿಬಿಟ್ಟರು: ಅಜ್ಜ ನಿಜಕ್ಕೂ ಮುತ್ತಜ್ಜನ ಅಣ್ಣನ ಮಗ. ಇಂಗ್ಲಿಷಿನಲ್ಲಿ ಗೆಳತಿ ಇದನ್ನು ಸುಳ್ಳು, ಗುಟ್ಟು ಅಂತೆಲ್ಲ ಬರೆದಿದ್ದಾಳೆ. ಕನ್ನಡಕ್ಕೆ ತರುವಾಗ ನನ್ನ ಕೈ ನಿಂತಿತು. ನಮ್ಮಲ್ಲಿ ಅಣ್ಣನ ಮಗ ಮಗನೇ ತಾನೇ? ಅವನಿಗೆ ಇವನು ಚಿಕ್ಕಪ್ಪ, ಅಂದರೆ ಚಿಕ್ಕ ಅಪ್ಪ. ಅಕ್ಕನ ಮಗ ಆಗಿದ್ದರೆ ಅಳಿಯ, ಆಗ ಸುಳ್ಳು ಅನ್ನಬಹುದಿತ್ತು. ಪಂಜಾಬಿಯಲ್ಲೂ ಭತೀಜಾ ಬೇರೆ, ಭಾಣ್ಜಾ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದು ಇಂಗ್ಲಿಷ್. ‘ಕಾಗದದಲ್ಲಿ ಮಗ, ಮನೆಯಲ್ಲೂ ಮಗ, ಹೊಟ್ಟೆಯಲ್ಲಿ ಹುಟ್ಟಿದವನಲ್ಲ’ ಅಂತ ಬರೆದು ಗೆಳತಿಗೆ ಅರ್ಥ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಂಗ್ಲಿಷಿನಲ್ಲೂ ಆ ಸಾಲು ಬದಲಿಸುತ್ತೇನೆ ಅಂದಳು.

ಆದರೆ ತಲೆಮಾರು? ಅಣ್ಣನ ಮಗ ಆದರೂ ಮೆಟ್ಟಿಲು ಒಂದೇ ಇಳಿಯುತ್ತದೆ, ಎಣಿಕೆ ಕೆಡುವುದಿಲ್ಲ. ವಂಶವೃಕ್ಷ ಬರೆಯುವಾಗ ಮಾತ್ರ ‘ಮೂಲಪುರುಷ’ ಯಾರು ಅನ್ನುವುದು ಬದಲಾಗುತ್ತದೆ. ಆ ಅಣ್ಣ ಕೆನಡಾ ನೋಡಿದವನೇ ಅಲ್ಲ.

ಮಿಲ್ಲಿನ ಪದಗಳು ಇಷ್ಟು ಕಾಡಲಿಲ್ಲ. ಇಂಗ್ಲಿಷ್ ಎಲ್ಲದಕ್ಕೂ ‘ಕಟ್’ ಅನ್ನುತ್ತದೆ, ನಾವು ಕಾಡಿನಲ್ಲಿ ಮರ ಕಡಿಯುತ್ತೇವೆ, ಮಿಲ್ಲಿನಲ್ಲಿ ಕೊಯ್ಯುತ್ತೇವೆ, ಒಲೆಗೆ ಸೀಳುತ್ತೇವೆ. ದಿಮ್ಮಿ, ಹಲಗೆ, ರೀಪು, ಹೊಟ್ಟು ಎಲ್ಲ ಕೈಗೆ ಸಿಕ್ಕವು. ಅಲ್ಲಿನ ಕೆಂಪು ಸೀಡರನ್ನು ದಯವಿಟ್ಟು ದೇವದಾರು ಮಾಡಬೇಡಿ, ಅದು ಬೇರೆಯೇ ಜಾತಿ. ಸೀಡರ್ ಅಂತಲೇ ಬಿಟ್ಟಿದ್ದೇನೆ.

ಒಂದೇ ಒಂದು ಉಳಿದಿದೆ, ‘ಗ್ರೀನ್ ಚೈನ್’. ಪಂಜಾಬಿಗಳು ಜಾಸ್ತಿ ದುಡಿದದ್ದು ಇಲ್ಲೇ. ಆಗತಾನೇ ಕೊಯ್ದ ಹಲಗೆಗಳು ಓಡುವ ಸರಪಳಿಯ ಮೇಲೆ ಅಡ್ಡಡ್ಡ ಸಾಗಿ ಬರುತ್ತವೆ. ಎರಡೂ ಬದಿ ನಿಂತವರು ಅಳತೆ, ದರ್ಜೆ ನೋಡಿ ಎಳೆದು ಬೇರೆ ಬೇರೆ ಅಟ್ಟಿ ಹಾಕಬೇಕು. ಹಲಗೆ ಒದ್ದೆ, ಹಾಗಾಗಿ ಭಾರ ಜಾಸ್ತಿ. ಸಿಬಿರು ಚುಚ್ಚದಿರಲಿ ಅಂತ ಚರ್ಮದ ಕೈಗವಸು, ಚರ್ಮದ ಮುಂಗವಸು. ಮೊದಲ ಕರಡಿನಲ್ಲಿ ‘ಹಸಿರು ಸರಪಳಿ’ ಅಂತ ಬರೆದಿದ್ದೆ, ಓದಿ ನನಗೇ ನಗು ಬಂತು. ಪರಿಸರ ದಿನದ ಮೆರವಣಿಗೆ ಇದ್ದ ಹಾಗಿತ್ತು. ಅಲ್ಲಿ ಗ್ರೀನ್ ಅಂದರೆ ಬಣ್ಣ ಅಲ್ಲ, ಒಣಗದ ಮರ, ನಮ್ಮ ‘ಹಸಿ’ ಮರ. ಹಳಗನ್ನಡದ ಪಸಿ, ಪಸುರ್ ಒಂದೇ ಬೇರಿನವು, ಅಂದರೆ ಇಂಗ್ಲಿಷ್ ಒಂದೇ ಪದದಲ್ಲಿ ಇಟ್ಟುಕೊಂಡದ್ದನ್ನು ನಾವು ಹಸಿ, ಹಸಿರು ಅಂತ ಎರಡು ಮಾಡಿಕೊಂಡೆವು. ‘ಹಸಿ ಹಲಗೆಯ ಸಾಲು’ ಅಂತ ಹಾಕಿದ್ದೇನೆ. ಸಾಮಿಲ್ಲಿನಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಇದ್ದರೆ ನನಗೆ ಅದೇ ಬೇಕು.

ಅಪ್ಪ ಮೊದಲು ಹಸಿ ಹಲಗೆಯ ಸಾಲಿನಲ್ಲಿ ನಿಂತವರು, ಆಮೇಲೆ ಯೂಬೋ ಊರಿನ ಮಿಲ್ಲಿನಲ್ಲಿ ಗರಗಸದ ಹತ್ತಿರ. 2001ರಲ್ಲಿ ಆ ಮಿಲ್ ಮುಚ್ಚುವವರೆಗೆ ಅಲ್ಲೇ. ಗರಗಸದ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಎಲ್ಲ ಬೆರಳಿನಲ್ಲೇ. ಇಷ್ಟು ದಪ್ಪ ಕೊಯ್ಯಿ, ತಿರುಗಿಸು, ನಿಲ್ಲಿಸು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಪ್ಪ ಬಾಯಿಬಿಟ್ಟು ಕೇಳುತ್ತಿರಲಿಲ್ಲವಂತೆ. ಎರಡು ಬೆರಳು ಎತ್ತಿದರೆ ಎರಡು ರೊಟ್ಟಿ, ಮುಷ್ಟಿ ಹಿಡಿದರೆ ಸಾಕು.

ಕೊನೆಗೆ ಒಂದು ಚಿಕ್ಕದು. ಆಗಿನ ದಾಖಲೆಗಳಲ್ಲಿ ಈ ಸಿಖ್ಖರ ಹೆಸರಿನ ಮುಂದೆಲ್ಲ ‘ಹಿಂದೂ’ ಅಂತ ಇದೆ. ಧರ್ಮಕ್ಕಲ್ಲ, ಭಾರತದವನು ಅನ್ನುವ ಅರ್ಥಕ್ಕೆ. ಹಾಗೇ ಇಟ್ಟರೆ ಕನ್ನಡದಲ್ಲಿ ಪೂರ್ತಿ ತಪ್ಪು ಅರ್ಥ ಬರುತ್ತದೆ, ‘ಭಾರತೀಯ’ ಮಾಡಿದರೆ ಗುಮಾಸ್ತನ ಅಸಡ್ಡೆ ಮಾಯವಾಗುತ್ತದೆ. ಸದ್ಯಕ್ಕೆ ‘ಹಿಂದುಸ್ತಾನದವ’ ಅಂತ ಮಾಡಿದ್ದೇನೆ.

ಮೊದಲಿನ ವಾಕ್ಯ ಈಗ ಹೀಗಿದೆ: ‘ನಮ್ಮ ಮನೆಯಲ್ಲಿ ಮಿಲ್ಲಿಗೆ ಹೋದ ಮೂರನೇ ತಲೆಮಾರು ಅಪ್ಪ, ಆ ನೆಲದಲ್ಲಿ ಹುಟ್ಟಿದ ಮೊದಲನೆಯವರೂ ಅವರೇ.’ ಇಂಗ್ಲಿಷಿನಷ್ಟು ಚಿಕ್ಕದಾಗಿಲ್ಲ. ‘ಮಿಲ್ಲಿಗೆ ಹೋದ’ ಅಂದರೆ ಹಿಟ್ಟು ಬೀಸಿಸಲು ಹೋದ ಹಾಗೆ ಕೇಳುತ್ತದಾ? ಶನಿವಾರ ಗೆಳತಿಗೆ ಕಳಿಸಬೇಕು, ಅಷ್ಟರೊಳಗೆ ಯಾರಾದರೂ ಹೇಳಿದರೆ ಉಪಕಾರ.