ಐನ್‌ಮನೆಯ ಒಂಟಿ ನಳಿಗೆ ಕೋವಿ ಯಾರು ಮಾಡಿದ್ದು? – ಕೋವಿ ರಿಪೇರಿಯವರೊಂದಿಗೆ ಪ್ರಶ್ನೋತ್ತರ (ಕೇಳುವವರ ಹೆಸರಿನ ಜಾಗದಲ್ಲಿ ಅವರ ಊರು)

ಪೊನ್ನಂಪೇಟೆ: ಅಣ್ಣ, ನಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಕೋವಿಗೆ ಒಂದೇ ನಳಿಗೆ. ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇಲ್ಲ, ಟ್ರಿಗರ್ ಹಿಂದಿನ ಲಿವರ್ ಕೆಳಗೆಳೆದರೆ ಬಾಯಿ ತೆರೆಯುತ್ತದೆ. ಮೇಲೆ ‘ಓಕ್ಸ್ ಅಂಡ್ ಕೋ, ಮದ್ರಾಸ್’ ಅಂತ ಇಂಗ್ಲಿಷಿನಲ್ಲಿ ಕೆತ್ತಿದೆ. ಮದ್ರಾಸಿನಲ್ಲೇ ಮಾಡಿದ್ದಾ? ಈ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧಪೂಜೆಯ ಹಬ್ಬಕ್ಕೆ, ತಮ್ಮ ಇದರಲ್ಲೇ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೀತೀನಿ ಅಂತಿದ್ದಾನೆ.

ಕೋವಿ ರಿಪೇರಿ: ಅಕ್ಕ, ಮೊದಲು ತಮ್ಮನನ್ನು ತಡೆಯಿರಿ. ಓಕ್ಸ್, ಪಿ. ಓರ್, ಕಲ್ಕತ್ತೆಯ ರೋಡಾ ಈ ಅಂಗಡಿಯವರೆಲ್ಲ ಹೊರಗಿನ ಕೋವಿಗಳನ್ನೂ ತರಿಸಿ, ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಹಾಗಾಗಿ ಮೇಲಿನ ಹೆಸರು ಅಂಗಡಿಯದು ಅಂತಲೇ ಇಟ್ಟುಕೊಳ್ಳಿ. ಮಾಡಿದವರ ಗುರುತು ಸಾಮಾನ್ಯವಾಗಿ ನಳಿಗೆಯ ಅಡಿಯಲ್ಲಿ, ಮರದೊಳಗೆ ಅಡಗಿರುತ್ತದೆ. ಒಳಗೆ ತೋಟಾ (ಗುಂಡು, ಮದ್ದು ತುಂಬಿದ ಕೊಳವೆ) ಇಲ್ಲ ಅಂತ ಎರಡು ಸಲ ನೋಡಿ, ಕೆಳಗಿನ ಮರ ಬಿಚ್ಚಿ ಫೋಟೋ ಹಾಕಿ. ಒರೆಸಬೇಡಿ.

ಗೋಣಿಕೊಪ್ಪ: ಇದಕ್ಕೆ ರೇಟ್ ಎಷ್ಟಾಗಬಹುದು?

ಕೋವಿ ರಿಪೇರಿ: ಬೆಲೆ ಹೇಳುವುದಿಲ್ಲ.

ನಾಪೋಕ್ಲು: ಇದು ಟಿಪ್ಪು ಕಾಲದ್ದು. ನಮ್ಮ ದೊಡ್ಡಪ್ಪನ ಹತ್ತಿರವೂ ಇಂಥದ್ದೇ ಇತ್ತು. ಅಕ್ಷರ ಕಾಣದಿದ್ದರೆ ಹುಣಸೆಹುಳಿ, ಉಪ್ಪು ಹಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮರಳು ಕಾಗದದಲ್ಲಿ ಉಜ್ಜಿ, ಕನ್ನಡಿ ಹಾಗೆ ಹೊಳೆಯುತ್ತೆ. ಫಾರ್ವರ್ಡ್ ಬಂದಿತ್ತು.

ಕೋವಿ ರಿಪೇರಿ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಹುಳಿ ಕಬ್ಬಿಣ ತಿನ್ನುತ್ತದೆ, ಉಪ್ಪು ತುಕ್ಕು ತರುತ್ತದೆ, ಮರಳು ಕಾಗದ ಮುದ್ರೆಯನ್ನೇ ಅಳಿಸುತ್ತದೆ. ಮುದ್ರೆ ಹೋದ ಮೇಲೆ ಯಾವ ಊರಿನ ಕೋವಿ ಅಂತ ಹೇಳಲು ಏನೂ ಉಳಿಯುವುದಿಲ್ಲ. ತೆಳುವಾಗಿ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟೇ ಸಾಕು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಅಕ್ಕನ ಕೋವಿಯಲ್ಲಿರುವ ಮಾರ್ಟಿನಿ ಎಂಬ ಲಿವರ್ ವ್ಯವಸ್ಥೆ ಬಂದದ್ದು 1860ರ ದಶಕದ ಕೊನೆಗೆ.

ಸೋಮವಾರಪೇಟೆ: ನಮ್ಮ ಕೋವಿಯಲ್ಲಿ ಕಿರೀಟ, ವಿ.ಆರ್., ಎನ್‌ಫೀಲ್ಡ್ ಅಂತಿದೆ. ರಾಣಿ ನಮ್ಮ ಮುತ್ತಾತನಿಗೆ ಕೊಟ್ಟದ್ದಂತೆ.

ಕೋವಿ ರಿಪೇರಿ: ವಿಕ್ಟೋರಿಯಾ ರಾಣಿಯ ಕಾಲದ ಸರ್ಕಾರಿ ಕಾರ್ಖಾನೆಯ ಮುದ್ರೆ ಅದು. ಸೈನ್ಯದ ಸಾವಿರಾರು ಕೋವಿಗಳಲ್ಲಿ ಇದೆ. ರಾಣಿ ಕೊಟ್ಟದ್ದು ಅನ್ನುವುದಕ್ಕೆ ಬೇರೆ ಕಾಗದ ಬೇಕು.

ಮಡಿಕೇರಿ: ಅಣ್ಣ, ಹಿಡಿಯ ಮರಕ್ಕೆ ಹುಳ ಬಿದ್ದಿದೆ, ಏನು ಮಾಡೋದು?

ಗೋಣಿಕೊಪ್ಪ: ಅಂದಾಜು ರೇಟಾದರೂ?

ಕೋವಿ ರಿಪೇರಿ: ಮೇಲೆ ಹೇಳಿದೆ.

ನಾಪೋಕ್ಲು: ನಮಗೆ ಲೈಸೆನ್ಸೇ ಬೇಡ, ಕೋವಿ ಇಟ್ಟುಕೊಳ್ಳೋದು ನಮ್ಮ ಹಕ್ಕು. ಇಷ್ಟೆಲ್ಲ ಹೆದರಿಸೋದು ಯಾಕೆ?

ಸೋಮವಾರಪೇಟೆ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರೋದು ವಿನಾಯಿತಿ. 2029ರವರೆಗೆ ಕೊಟ್ಟಿದ್ದಾರೆ. ವಿನಾಯಿತಿ ಪತ್ರ ಇಲ್ಲದೆ ತಿರುಗಾಡಿ ನೋಡಿ, ಗೊತ್ತಾಗುತ್ತೆ.

ನಾಪೋಕ್ಲು: ನೀವು ನಮಗೆ ಕಾನೂನು ಹೇಳಿಕೊಡಬೇಕಾಗಿಲ್ಲ.

ಸೋಮವಾರಪೇಟೆ: ಹುಣಸೆಹುಳಿ ಹೇಳಿಕೊಟ್ಟವರು ನೀವೇ ಅಲ್ವಾ?

ಕೋವಿ ರಿಪೇರಿ: ಇಬ್ಬರೂ ನಿಲ್ಲಿಸಿ. ಅಕ್ಕನ ಫೋಟೋ ಎಲ್ಲಿ?

ಪೊನ್ನಂಪೇಟೆ: ಹಾಕಿದೆ ಅಣ್ಣ. ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ., ಕೆಳಗೆ ನಕ್ಷತ್ರ, ಮೇಲೆ ಕಿರೀಟ. ಪಕ್ಕದಲ್ಲಿ ಇನ್ನೊಂದು ಸಣ್ಣ ಕಿರೀಟದ ಕೆಳಗೆ ಎ.ಎಫ್.

ಕೋವಿ ರಿಪೇರಿ: ಇದಕ್ಕೇ ಕಾಯುತ್ತಿದ್ದೆ! ಇ.ಎಲ್.ಜಿ. ಅಂದರೆ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ನಳಿಗೆಯನ್ನು ಪರೀಕ್ಷೆ ಮಾಡಿದ ಮುದ್ರೆ. ಆ ಮೊಟ್ಟೆಯ ಮೇಲೆ ಕಿರೀಟ ಸೇರಿದ್ದು 1893ರಲ್ಲಿ, ಆದ್ದರಿಂದ ನಿಮ್ಮದು ಅದಕ್ಕಿಂತ ಹಳೆಯದಲ್ಲ. ಕಿರೀಟದಡಿಯ ಎ.ಎಫ್. ಅದೇ ಊರಿನ ಆಗಸ್ಟ್ ಫ್ರಾಂಕೋಟ್ ಕಂಪನಿಯ ಗುರುತು. ಮಾರ್ಟಿನಿಯ ಒಳಭಾಗವನ್ನು ಸುಲಭವಾಗಿ ಹೊರತೆಗೆಯುವಂತೆ ಸುಧಾರಿಸಿದವರು ಅವರು. ಮಾರ್ಟಿನಿಯೂ ಅಮೆರಿಕದ ಪೀಬಾಡಿಯ 1862ರ ಪೇಟೆಂಟನ್ನು ತಿದ್ದಿ ಮಾಡಿದ್ದು. ಅಮೆರಿಕದವನ ಯೋಚನೆ, ಸ್ವಿಟ್ಜರ್ಲೆಂಡಿನಲ್ಲಿ ತಿದ್ದುಪಡಿ, ಬೆಲ್ಜಿಯಂನ ಕೆಲಸ, ಮದ್ರಾಸಿನ ಅಂಗಡಿ, ಕೊನೆಗೆ ಪೊನ್ನಂಪೇಟೆ. ಎಂಥ ದಾರಿ ನೋಡಿ!

ಈಗ ಚಿಂತೆಯ ಮಾತು. ಆ ಕಾಲದ ಕೋವಿಗಳಲ್ಲಿ ಬಹಳಷ್ಟು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದವು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡ ಬೇರೆ, ನಳಿಗೆ ಸೀಳಿದರೆ ಹೋಗುವುದು ಕೈ, ಕಣ್ಣು. ತೋಟಾ ಕೂತಿತು ಅಂದ ಮಾತ್ರಕ್ಕೆ ಅದು ಆ ಕೋವಿಯ ತೋಟಾ ಅಲ್ಲ. ತೋಟಾ ಕೂರುವ ಜಾಗವನ್ನು ಅಳೆಯದೆ ಯಾವ ತೋಟಾ ಅಂತ ನಾನೂ ಹೇಳುವುದಿಲ್ಲ.

ನಾಪೋಕ್ಲು: ನಮ್ಮ ದೊಡ್ಡಪ್ಪ ಎಲ್ಲ ತೋಟಾನೂ ಹೊಡೆದಿದ್ದಾರೆ, ಏನೂ ಆಗಿಲ್ಲ.

ಕೋವಿ ರಿಪೇರಿ: ನಿಮಗೆ ಇನ್ನು ಉತ್ತರಿಸುವುದಿಲ್ಲ. ಅಕ್ಕ, ಕೋವಿಯನ್ನು ಪತ್ರದ ಸಮೇತ ಅಂಗಡಿಗೆ ತನ್ನಿ. ಸೆಪ್ಟೆಂಬರ್ 3ಕ್ಕೆ ಹೂವಿಟ್ಟು ಪೂಜೆ ಮಾಡಿ. ತೆಂಗಿನಕಾಯಿಗೆ ತಮ್ಮ ಬೇರೆ ಕೋವಿ ಹಿಡಿಯಲಿ.

ಗೋಣಿಕೊಪ್ಪ: ಬೆಲ್ಜಿಯಂದು ಅಂದರೆ ರೇಟ್ ಜಾಸ್ತಿನಾ?